ಕೋಲು, ಕತ್ತಿ ಹಿಡಿದು ಆಡಲು ಜಾಗ ಎಲ್ಲಿ? ಮರೆಯ ಜಾಗ ಮಾತ್ರ ಬೇಡ

ಪ್ರಶ್ನೆ: ನಾನು ಬದಿಯಡ್ಕ ಕಡೆಯವನು, ವಯಸ್ಸು 26. ನಾವು ನಾಲ್ಕು ಮಂದಿ ಗೆಳೆಯರು. ನಾನೂ ನನ್ನ ಚಿಕ್ಕಪ್ಪನ ಮಗನೂ ಕಾಞಂಗಾಡಿನ ಕಡೆ ಆರು ವರ್ಷ ಕಳರಿ (ಕೇರಳದ ಸಮರಕಲೆ) ಕಲಿತಿದ್ದೇವೆ. ಕೋಲ್‌ತಾರಿ ಅಂದರೆ ಕೋಲಿನ ಪಾಠ ಮುಗಿದು ಕತ್ತಿ–ಗುರಾಣಿ ಶುರುವಾಗಿದೆ. ಇನ್ನೊಬ್ಬ ಮಂಗಳೂರಿನ ಕಾಲೇಜಿನಲ್ಲಿ ಫೆನ್ಸಿಂಗ್ ಆಡಿದವನು. ನಾಲ್ಕನೆಯವಳು ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾಗ ತಮಿಳುನಾಡಿನ ಕೋಲುವರಸೆ ಸಿಲಂಬಂ ಕಲಿತಳು. ಭಾನುವಾರ ಸೇರಿ, ಬರೀ ವರಸೆ ಅಲ್ಲ, ನಿಜವಾಗಿ ಎದುರುಬದುರು ನಿಂತು ಆಡಬೇಕು ಅಂತ ಆಸೆ. ಜಾಗವೇ ಸಿಗುತ್ತಿಲ್ಲ. ಮೊದಲು ನಮ್ಮ ಮನೆ ಅಂಗಳದಲ್ಲಿ ಆಡುತ್ತಿದ್ದೆವು. ಅಡಿಕೆ ಒಣಗಲು ಹಾಕಿದ ಮೇಲೆ ಅಜ್ಜಿ ಓಡಿಸಿದರು. ಆಮೇಲೆ ಬಿಟ್ಟುಹೋದ ಒಂದು ಕೆಂಪುಕಲ್ಲಿನ ಕೋರೆಗೆ ಹೋದೆವು. ಯಾರೋ ದೂರದಿಂದ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರು, ಪೊಲೀಸರು ಮನೆಗೆ ಬಂದು ವಿಚಾರಿಸಿದರು. ಈಗ ಟೆರೇಸಿನ ಶೀಟಿನ ಅಡಿಯಲ್ಲಿ ಆಡುತ್ತಿದ್ದೇವೆ. ಪಿವಿಸಿ ಪೈಪಿಗೆ ಫೋಮ್ ಸುತ್ತಿದ್ದೇವೆ, ತಲೆಗೆ ಕ್ರಿಕೆಟ್ ಹೆಲ್ಮೆಟ್. ಯಾರ ಕಣ್ಣಿಗೂ ಬೀಳದ ಒಳ್ಳೆ ಜಾಗ ಹೇಗೆ ಹುಡುಕುವುದು? ಇದು ಕಾನೂನಿಗೆ ವಿರುದ್ಧವಾ? ಹತ್ತಿರದ ಗರಡಿಯಲ್ಲಿ ಕೇಳಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ‘ಯಾರ ಕಣ್ಣಿಗೂ ಬೀಳದ’ ಎಂಬ ಒಂದು ಮಾತಿನ ಹತ್ತಿರ ನಿಂತುಬಿಟ್ಟೆ. ಪೊಲೀಸರು ಮನೆಗೆ ಬಂದ ಮೇಲೆ ಹಾಗೆ ಅನ್ನಿಸುವುದು ಸಹಜ. ಅಜ್ಜಿಗೂ ಅಪ್ಪನಿಗೂ ಉತ್ತರ ಕೊಡಬೇಕಾಗಿ ಬಂದಿರುತ್ತದೆ. ಆದರೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳರಿ ಕಲಿಸಿ, ಬೇರೆ ಬೇರೆ ಪದ್ಧತಿಯವರನ್ನು ಸೇರಿಸಿ ಆಡಿಸಿದ ಮೇಲೆ ನನಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟು: ಆಯುಧ ಹಿಡಿದು ಆಡುವವರಿಗೆ ಅತ್ಯಂತ ಅಪಾಯದ ಜಾಗ ಅಂದರೆ ಯಾರೂ ನೋಡದ ಜಾಗ. ನೀವು ಹುಡುಕಬೇಕಾದ್ದು ನಾಲ್ಕು ಜನ ನೋಡುವ, ಊರಿಗೆ ಗೊತ್ತಿರುವ, ಆಂಬುಲೆನ್ಸ್ ಬಾಗಿಲವರೆಗೆ ಬರುವ ಜಾಗ.

ಕಾನೂನಿನ ಪ್ರಶ್ನೆ ಮೊದಲು ನೋಡೋಣ. ಅದರ ಹೆದರಿಕೆಯಿಂದಲೇ ನೀವು ಕೋರೆಗೂ ಟೆರೇಸಿಗೂ ಹೋದದ್ದು ಅಲ್ವಾ.

ಒಪ್ಪಿಗೆಯಿಂದ, ನ್ಯಾಯವಾಗಿ ಆಡುವಾಗ ಪೆಟ್ಟಾದರೆ ಅದು ಅಪರಾಧ ಅಲ್ಲ. ಇದನ್ನು ನಾನು ಧೈರ್ಯ ತುಂಬಲು ಹೇಳುತ್ತಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 87ನೇ ಸೆಕ್ಷನ್ನಿನಲ್ಲೇ ಈ ಮಾತಿದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 25ನೇ ಸೆಕ್ಷನ್. ಅಲ್ಲಿ ಕೊಟ್ಟಿರುವ ಉದಾಹರಣೆ ಏನು ಗೊತ್ತಾ? ಕತ್ತಿವರಸೆಯೇ. ಇಬ್ಬರು ಮನರಂಜನೆಗಾಗಿ ಕತ್ತಿವರಸೆ ಆಡಲು ಒಪ್ಪುತ್ತಾರೆ, ಮೋಸವಿಲ್ಲದೆ ಆಡುವಾಗ ಒಬ್ಬನಿಗೆ ಗಾಯವಾಗುತ್ತದೆ, ಇನ್ನೊಬ್ಬ ತಪ್ಪಿತಸ್ಥ ಅಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಎರಡು ಬೇಲಿಗಳಿವೆ. ಒಪ್ಪಿದವರಿಗೆ 18 ವರ್ಷ ದಾಟಿರಬೇಕು. ಮತ್ತು ಆ ಕೆಲಸದಿಂದ ಸಾವು ಅಥವಾ ಭಾರೀ ಗಾಯ ಆಗುವ ಸಂಭವ ಇದೆ ಎಂದು ಆಡುವವರಿಗೆ ಗೊತ್ತಿರಬಾರದು. ಹರಿತ ಕತ್ತಿ ಹಿಡಿದು, ಮುಖಕ್ಕೆ ಏನೂ ಹಾಕದೆ ಆಡಿದರೆ ಈ ಎರಡನೇ ಬೇಲಿಯ ಆಚೆ ಹೋದಂತೆ. ಪಕ್ಕದ ಮನೆಯ ಪ್ಲಸ್ ಟೂ ಹುಡುಗನನ್ನು ‘ಬಾ, ನೀನೂ ಒಂದು ಕೈ ನೋಡು’ ಅಂತ ಕರೆದರೆ ಮೊದಲನೆಯದರ ಆಚೆ.

ಆಯುಧದ ಲೆಕ್ಕ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಅದರಡಿ 2016ರ ನಿಯಮಗಳಿವೆ. ಕತ್ತಿ, ಕಠಾರಿ, ಈಟಿ, ಮತ್ತು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚೂಪು ಆಯುಧಗಳನ್ನು ಅಲ್ಲಿ ಐದನೇ ವರ್ಗಕ್ಕೆ ಸೇರಿಸಿದ್ದಾರೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವಕ್ಕೆ ಲೈಸೆನ್ಸ್ ಬೇಕು. ಅಡುಗೆ, ಕೃಷಿ, ಕೈಗಾರಿಕೆಯ ಕತ್ತಿಗಳು ಈ ಪಟ್ಟಿಯ ಹೊರಗೆ. ಆದರೆ ತೋಟದ ಕತ್ತಿಯನ್ನು ತಾಲೀಮಿಗೆ ತೆಗೆದುಕೊಂಡು ಹೋಗಿ ಆಮೇಲೆ ‘ಇದು ಸೋಗೆ ಕಡಿಯಲು’ ಅಂದರೆ ಕೇಳುವವರು ನಂಬಬೇಕಲ್ಲ. ಕತ್ತಿ ಕಳರಿಯಲ್ಲೇ ಇರಲಿ. ಬೈಕಿಗೆ ಕಟ್ಟಿಕೊಂಡು ತಲಪಾಡಿ ಗಡಿ ದಾಟುವುದು ಬೇಡ. ಇನ್ನೊಂದು: ಊರಿನಲ್ಲಿ ಗಲಾಟೆಯಾದಾಗ ನಿಷೇಧಾಜ್ಞೆ ಬರುತ್ತದೆ. ಹಿಂದೆ ನಾವೆಲ್ಲ ಸೆಕ್ಷನ್ 144 ಅನ್ನುತ್ತಿದ್ದೆವು. 2024ರ ಜುಲೈಯಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಆ ದಿನಗಳಲ್ಲಿ ಬಿದಿರ ಕೋಲು ಕೂಡ ಹೊರಗೆ ತೆಗೆಯಬೇಡಿ. ಕಾಸರಗೋಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಪೊಲೀಸರು ಬಂದದ್ದು ಯಾಕೆ? ನಿರ್ಜನ ಕೋರೆಯಲ್ಲಿ ನಾಲ್ಕು ಜನ ಕೋಲು ಬೀಸುವ, ಮುಖ ಕಾಣದ ವಿಡಿಯೋ ನೋಡಿದರೆ ನಾನೂ ಗಾಬರಿಯಾಗುತ್ತಿದ್ದೆ. ಅದೇ ಆಟ ಕ್ಲಬ್ಬಿನ ಕಬಡ್ಡಿ ಅಂಕಣದಲ್ಲಿ, ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬದಿಯಲ್ಲಿ ಎರಡು ನೀರಿನ ಕ್ಯಾನ್ ಇಟ್ಟು ನಡೆದರೆ ಅದು ಬರೀ ಆಟವಾಗಿ ಕಾಣುತ್ತದೆ. ಶುರು ಮಾಡುವ ಮೊದಲು ಠಾಣೆಗೆ ಹೋಗಿ ಒಂದು ಕಾಗದ ಕೊಡಿ. ಯಾರು, ಯಾವ ದಿನ, ಎಷ್ಟು ಹೊತ್ತು, ಯಾವ ಸಾಮಾನು, ಅಷ್ಟು ಬರೆದರೆ ಸಾಕು. ಊರವರ ಜೊತೆ ಬೆರೆತು ಕೆಲಸ ಮಾಡುವ ಜನಮೈತ್ರಿ ಪೊಲೀಸರ ಹತ್ತಿರ ಮಾತಾಡಿ. ವಾರ್ಡ್ ಮೆಂಬರಿಗೂ ತಿಳಿಸಿ. ಅನುಮತಿ ಬೇಕು ಅಂದರೆ ಅದು ಕೈಗೆ ಬರುವವರೆಗೆ ಕಾಯಿರಿ. ನನ್ನ ಅನುಭವದಲ್ಲಿ ಮೊದಲೇ ಹೋಗಿ ಹೇಳಿದವರನ್ನು ಪೊಲೀಸರು ಚೆನ್ನಾಗಿಯೇ ಮಾತಾಡಿಸುತ್ತಾರೆ.

ಈಗ ಜಾಗಕ್ಕೆ ಬರೋಣ.

‘ಬಯಲು ಇದ್ದರೆ ಸಾಕು, ಎಲ್ಲಿ ಬೇಕಾದರೂ ಆಡಬಹುದು’ ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಸರಿಯಲ್ಲ. ಕಳರಿಯನ್ನೇ ನೋಡಿ. ಬಡಗು ಸಂಪ್ರದಾಯದ ಕಳರಿ, ಅಂದರೆ ಅಭ್ಯಾಸದ ಅಂಕಣ, 42 ಅಡಿ ಉದ್ದ, 21 ಅಡಿ ಅಗಲ. ನೆಲವನ್ನು ಮೂರೂವರೆ–ನಾಲ್ಕು ಅಡಿ ಅಗೆದು ತಗ್ಗು ಮಾಡಿರುತ್ತಾರೆ. ಬಾಗಿಲು ಮೂಡಣಕ್ಕೆ, ಪೂತ್ತರ (ಪೂಜೆಯ ಮೆಟ್ಟಿಲುಪೀಠ) ನೈಋತ್ಯ ಮೂಲೆಗೆ. ಇದರಲ್ಲಿ ಶಾಸ್ತ್ರ ಇದೆ, ಭಕ್ತಿ ಇದೆ. ಜೊತೆಗೆ ತುಂಬ ಬುದ್ಧಿವಂತಿಕೆಯೂ ಇದೆ. ಗುಂಡಿಯೊಳಗೆ ಗಾಳಿ ನುಗ್ಗುವುದಿಲ್ಲ, ಬೆವರಿದ ಮೈಗೆ ಶೀತ ತಾಗುವುದಿಲ್ಲ. ಕೈತಪ್ಪಿದ ಕೋಲು ಮಣ್ಣಿನ ಗೋಡೆಗೆ ಬಡಿದು ಅಲ್ಲೇ ಬೀಳುತ್ತದೆ. ನೋಡಲು ಬಂದವರು ಮೇಲೆ ನಿಲ್ಲುತ್ತಾರೆ, ಆಟದ ನಡುವೆ ಬರುವುದಿಲ್ಲ. ನೆಲ ಕೆಮ್ಮಣ್ಣಿನದು, ಸ್ವಲ್ಪ ತೇವ ಇರುತ್ತದೆ. ಎಣ್ಣೆ ಹಚ್ಚಿದ ಬರಿಗಾಲು ಅದರಲ್ಲಿ ಕಚ್ಚಿ ನಿಲ್ಲುತ್ತದೆ, ಬೇಕಾದಾಗ ತಿರುಗುತ್ತದೆ.

ಆ ನೆಲದ ಬೆಲೆ ನನಗೆ ಗೊತ್ತಾದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಆಗ ನನಗೆ ನಿಮ್ಮದೇ ಪ್ರಾಯ. ಮಳೆಗಾಲ, ಕಳರಿಯಲ್ಲಿ ನೀರು ಒಸರುತ್ತಿತ್ತು. ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು. ಪರಿಚಯದವರು ಮಂಟಪದ ಬೀಗದ ಕೈ ಕೊಟ್ಟರು. ಹೊಳೆಯುವ ಟೈಲ್ಸ್ ನೆಲ. ನಾವು ಅಭ್ಯಾಸದಂತೆ ಕಾಲಿಗೆ ಎಣ್ಣೆ ಹಚ್ಚಿಯೇ ಬಂದಿದ್ದೆವು. ಮೂರನೇ ಸುತ್ತಿನಲ್ಲಿ ನನ್ನ ಜೊತೆಗಾರನ ಹಿಂಗಾಲು ಜಾರಿತು. ಅವನು ಬೀಳದಿರಲು ಮುಂದಕ್ಕೆ ತೂಗಿದ, ಅವನ ಕೈಯಲ್ಲಿದ್ದ ಕೆಟ್ಟುಕಾರಿಯೂ (ಉದ್ದ ಕೋಲು) ಮುಂದೆ ಬಂತು. ನನ್ನ ಎಡಹುಬ್ಬು ಸೀಳಿತು. ಟೈಲ್ಸ್ ಮೇಲೆ ರಕ್ತ ಹರಡಲಿಲ್ಲ, ಎಣ್ಣೆಯ ಮೇಲೆ ಹನಿ ಹನಿಯಾಗಿ ಕೂತಿತ್ತು. ಅದನ್ನು ನೋಡುತ್ತಾ ನಿಂತದ್ದು ಇವತ್ತಿಗೂ ನೆನಪಿದೆ. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು. ಅವನ ತಪ್ಪಿರಲಿಲ್ಲ, ನೆಲದ್ದೂ ತಪ್ಪಲ್ಲ. ಮಣ್ಣಿಗಾಗಿ ಹುಟ್ಟಿದ ಹೆಜ್ಜೆಯನ್ನು ಟೈಲ್ಸ್ ಮೇಲೆ ಇಟ್ಟೆವು, ಅಷ್ಟೇ.

ನಿಮ್ಮ ಟೆರೇಸು ಅದಕ್ಕಿಂತಲೂ ಕೆಟ್ಟದು. ಶೀಟಿನ ಎತ್ತರ ಬದಿಯಲ್ಲಿ ಎಂಟಡಿ ಇರಬಹುದು. ಕೈ ಎತ್ತಿದರೇ ಏಳಡಿ, ಐದೂವರೆ ಅಡಿಯ ಕೋಲನ್ನು ನಡುವೆ ಹಿಡಿದರೂ ತುದಿ ಹತ್ತಡಿಯ ಹತ್ತಿರ ಹೋಗುತ್ತದೆ. ಸಿಲಂಬಂ ಆಡುವ ಹುಡುಗಿ ಬುಡದ ಕಡೆ ಹಿಡಿದು ಬೀಸುತ್ತಾಳೆ, ಅವಳ ತುದಿ ಇನ್ನೂ ಮೇಲೆ. ಕೋಲು ಶೀಟಿನ ಕಬ್ಬಿಣಕ್ಕೆ ತಾಗಿ ತಿರುಗಿ ಬಂದರೆ ಅದು ಯಾರ ಕಡೆಗೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇನ್ನು ಪ್ಯಾರಪೆಟ್ ಮೂರಡಿ. ಹಿಂದೆ ಹಿಂದೆ ಸರಿಯುವವನ ಸೊಂಟಕ್ಕೆ ಅದು ತಾಗುತ್ತದೆ. ಆಮೇಲಿನದು ನಿಮಗೇ ಗೊತ್ತು. ದಯವಿಟ್ಟು ಈ ಭಾನುವಾರದಿಂದಲೇ ಟೆರೇಸು ಬಿಡಿ.

ಕೋರೆಗೂ ತಿರುಗಿ ಹೋಗಬೇಡಿ. ಕಲ್ಲು ಕತ್ತರಿಸಿದ ಮೆಷಿನ್ನಿನ ಗೆರೆಗಳು ನೆಲದಲ್ಲಿ ಉಳಿದಿರುತ್ತವೆ, ಹೆಬ್ಬೆರಳು ಸಿಕ್ಕಿಕೊಳ್ಳುವಷ್ಟು ಆಳಕ್ಕೆ. ಮೇಲೆ ಕೆಂಪು ಪುಡಿ ಕೂತಿರುವುದರಿಂದ ಕಾಣುವುದೂ ಇಲ್ಲ. ಮಳೆಗಾಲದಲ್ಲಿ ಪಕ್ಕದ ಗುಂಡಿ ತುಂಬಿರುತ್ತದೆ. ಪೆಟ್ಟಾದರೆ ಹೊತ್ತುಕೊಂಡು ಮೇಲೆ ಬರಬೇಕು.

ನಿಮ್ಮ ಕಡೆ ನನಗೆ ಇಷ್ಟವಾದ ಜಾಗ ಎರಡಿವೆ, ಒಂದು ಬೇಸಗೆಗೆ, ಒಂದು ಮಳೆಗಾಲಕ್ಕೆ.

ಬೇಸಗೆಗೆ ಕಬಡ್ಡಿ ಅಂಕಣ. ನಮ್ಮ ಊರುಗಳಲ್ಲಿ ಎರಡು ಮೈಲಿಗೊಂದು ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ ಇದೆ, ಹೆಚ್ಚಿನವರ ಹತ್ತಿರ ಒಂದು ಮಣ್ಣಿನ ಅಂಕಣ ಇರುತ್ತದೆ. ಅದು 13 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಕಳರಿಗಿಂತ ಅಗಲ ಜಾಸ್ತಿ. ಮಣ್ಣು ಜರಡಿ ಹಿಡಿದು ಹಾಕಿರುತ್ತಾರೆ, ಕಲ್ಲು ಇರುವುದಿಲ್ಲ. ಬೀಳುವುದಕ್ಕೆಂದೇ ಮಾಡಿದ ನೆಲ. ಕ್ಲಬ್ಬಿನವರ ಹತ್ತಿರ ಹೋಗಿ ‘ಜಾಗ ಕೊಡಿ’ ಅಂತ ಕೇಳಬೇಡಿ, ‘ನಿಮ್ಮ ಸದಸ್ಯರಾಗುತ್ತೇವೆ’ ಅನ್ನಿ. ವಾರ್ಷಿಕೋತ್ಸವಕ್ಕೆ ಹತ್ತು ನಿಮಿಷ ಕೋಲಿನ ಪ್ರದರ್ಶನ ಕೊಡುತ್ತೇವೆ ಅನ್ನಿ. ನನ್ನ ಶಿಷ್ಯರಿಗೆ ಹೀಗೆಯೇ ಜಾಗ ಸಿಕ್ಕಿದ್ದು.

ಕೊಯ್ಲಾದ ಗದ್ದೆಯೂ ಆಗುತ್ತದೆ. ಎತ್ತರದ ಬೆಟ್ಟು ಗದ್ದೆ ಏಣೆಲು (ಮಳೆಗಾಲದ) ಬೆಳೆ ಕೊಯ್ದ ಮೇಲೆ ಖಾಲಿ, ಅದಕ್ಕಿಂತ ತಗ್ಗಿನ ಮಜಲು ಗದ್ದೆಗೆ ಸುಗ್ಗಿ (ಎರಡನೇ ಬೆಳೆ) ಕೊಯ್ಲಿನವರೆಗೆ ಕಾಯಬೇಕು. ಕೂಳೆ ಕಾಲಿಗೆ ಚುಚ್ಚುತ್ತದೆ, ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಪಾದ ತಿರುಚುತ್ತದೆ. ಕೂಳೆ ಕೆರೆದು ನೀರು ಚಿಮುಕಿಸಿ ಸಮ ಮಾಡಿಕೊಂಡರೆ ಎರಡು ತಿಂಗಳು ಚೆನ್ನಾಗಿ ಆಡಬಹುದು. ಒಂದು ಎಚ್ಚರ: ಏಪ್ರಿಲ್–ಮೇ ಹೊತ್ತಿಗೆ, ಮತ್ತೆ ಅಕ್ಟೋಬರ್–ನವೆಂಬರಿನ ತುಲಾವರ್ಷದಲ್ಲಿ ನಮ್ಮಲ್ಲಿ ಮಧ್ಯಾಹ್ನ ಎರಡು ದಾಟಿದ ಮೇಲೆ ಸಿಡಿಲು ಜಾಸ್ತಿ. ಬಯಲಲ್ಲಿ ಕೋಲು ಎತ್ತಿ ನಿಲ್ಲುವ ಹೊತ್ತು ಅದಲ್ಲ. ಬೆಳಿಗ್ಗೆಯೇ ಆಡಿ ಮುಗಿಸಿ.

ಕುಂಬಳೆಯ, ಉಪ್ಪಳದ ಕಡಲ ಕರೆಗೆ ಹೋಗುವವರೂ ಇದ್ದಾರೆ. ಮರಳಲ್ಲಿ ಕಾಲಿಗೆ ಶಕ್ತಿ ಬರುತ್ತದೆ ನಿಜ. ಆದರೆ ವೇಗವಾಗಿ ತಿರುಗಲು ಆಗುವುದಿಲ್ಲ, ಮರಳು ಕಣ್ಣಿಗೆ ಬೀಳುತ್ತದೆ. ಒಬ್ಬರೇ ಅಭ್ಯಾಸ ಮಾಡಲು ಸರಿ, ಎದುರುಬದುರು ಬೇಡ.

ಮಳೆಗಾಲಕ್ಕೆ ನನ್ನ ಮಾತು ಕೇಳಿ, ಶಟ್ಲ್ ಕೋರ್ಟ್ ಬಾಡಿಗೆಗೆ ಹಿಡಿಯಿರಿ. ಕಾರಣ ಕೇಳಿದರೆ ನಿಮಗೂ ಖುಷಿಯಾಗಬಹುದು. ಶಟ್ಲ್ ಡಬಲ್ಸ್ ಅಂಕಣದ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಕಳರಿಯದ್ದು 42 ಮತ್ತು 21. ಹೆಚ್ಚುಕಡಿಮೆ ಒಂದೇ! ಮಾಡು ಎತ್ತರ, ಬೆಳಕು ಚೆನ್ನಾಗಿರುತ್ತದೆ, ಮ್ಯಾಟ್ ಜಾರುವುದಿಲ್ಲ. ಈಗ ನಮ್ಮ ಜಿಲ್ಲೆಯ ಸಣ್ಣ ಪೇಟೆಗಳಲ್ಲೂ ಇಂಥ ಒಳಾಂಗಣ ಕೋರ್ಟ್‌ಗಳು ಬಂದಿವೆ, ಗಂಟೆ ಲೆಕ್ಕಕ್ಕೆ ಕೊಡುತ್ತಾರೆ. ನಾಲ್ವರು ಹಂಚಿಕೊಂಡರೆ ಭಾರವಾಗುವುದಿಲ್ಲ. ಮಾಲೀಕರಿಗೆ ಇರುವುದು ಒಂದೇ ಹೆದರಿಕೆ, ಮ್ಯಾಟ್ ಹರಿದೀತು ಅಂತ. ಅದಕ್ಕೆ ನನ್ನ ಹಳೆಯ ಉಪಾಯ ಇದೆ. ಮೆಡಿಕಲ್ ಶಾಪಿನಲ್ಲಿ ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಬುಷ್ ಸಿಗುತ್ತದೆ. ಕೋಲಿನ ಎರಡೂ ತುದಿಗೆ ಹಾಕಿ, ಮಾಲೀಕರ ಎದುರಿಗೇ ನೆಲಕ್ಕೆ ಕುಟ್ಟಿ ತೋರಿಸಿ. ಕಾಲಿಗೆ ಎಣ್ಣೆ ಇರಬಾರದು, ಶಟ್ಲ್ ಶೂ ಹಾಕಿ. ಬಲೆ ಬಿಚ್ಚಿಡಿ, ಕಂಬವನ್ನೂ ತೆಗೆಸಿ, ಅದು ಅಲ್ಲೇ ನಿಂತಿದ್ದರೆ ಯಾರಾದರೂ ಬೆನ್ನು ಕೊಟ್ಟೇ ಕೊಡುತ್ತಾರೆ. ಪಕ್ಕದ ಅಂಕಣದಲ್ಲಿ ಬೇರೆಯವರು ಆಡುತ್ತಿದ್ದರೆ ಆ ಹೊತ್ತು ಬೇಡ.

ಫೆನ್ಸಿಂಗ್ ಆಡುವ ಗೆಳೆಯನಿಗೆ ಇಷ್ಟು ಅಗಲ ಬೇಕಾಗಿಲ್ಲ. ಅವರ ಪಟ್ಟಿ 14 ಮೀಟರ್ ಉದ್ದ, ಒಂದೂವರೆಯಿಂದ ಎರಡು ಮೀಟರ್ ಅಗಲ ಅಷ್ಟೇ. ಅವರದು ಮುಂದೆ–ಹಿಂದೆ ಹೋಗುವ ಆಟ. ಅವನ ಜೊತೆ ಅವನ ರೀತಿಯಲ್ಲಿ ಆಡುವಾಗ ಕೋರ್ಟಿನ ಒಂದು ಬದಿ ಸಾಕು. ಭವಾನಿ ದೇವಿ 2021ರಲ್ಲಿ ಟೋಕಿಯೊಗೆ ಹೋಗಿ ಭಾರತದಿಂದ ಒಲಿಂಪಿಕ್ಸ್ ಆಡಿದ ಮೊದಲ ಫೆನ್ಸರ್ ಆದರಲ್ಲ, ಅವರು ಚೆನ್ನೈಯವರಾದರೂ ಪಳಗಿದ್ದು ತಲಶ್ಶೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ನಮ್ಮ ಪಕ್ಕದ ಜಿಲ್ಲೆ. ಕೋಚಿಂಗ್, ಸಾಮಾನು, ನಿಯಮ, ಏನಾದರೂ ಕೇಳಬೇಕಿದ್ದರೆ ಆ ಗೆಳೆಯನನ್ನು ಮುಂದೆ ಬಿಟ್ಟು ಅಲ್ಲಿಗೆ ಒಮ್ಮೆ ಹೋಗಿಬನ್ನಿ.

ಗರಡಿಯ ವಿಷಯ. ತುಳುನಾಡಿನ ಗರಡಿ ಕೋಟಿ–ಚೆನ್ನಯರ ಆರಾಧನೆಯ ಜಾಗ. ಮೈಸೂರಿನ ಗರಡಿಮನೆಯಂತೆ ಈಗ ಅಲ್ಲಿ ತಾಲೀಮು ನಡೆಯುವುದಿಲ್ಲ. ಹೆಸರು ಒಂದೇ ಆದ ಕಾರಣ ಈ ಗೊಂದಲ. ಕೈಮುಗಿದು ಬನ್ನಿ, ಜಾಗ ಕೇಳಬೇಡಿ. ದೇವಸ್ಥಾನ, ಮಸೀದಿ, ಚರ್ಚಿನ ಅಂಗಳವೂ ಬೇಡ ಅನ್ನುತ್ತೇನೆ. ನಿಮ್ಮ ಮನಸ್ಸು ಶುದ್ಧವೇ ಇರಬಹುದು, ಆದರೆ ಅಲ್ಲಿ ಕೋಲು ಹಿಡಿದರೆ ಜನ ಅದಕ್ಕೆ ಬೇರೆಯೇ ಅರ್ಥ ಕಟ್ಟುತ್ತಾರೆ. ಮಂಗಳೂರಿನ ಕಡೆ ಮೊಸರುಕುಡಿಕೆ, ದಸರಾ ಮೆರವಣಿಗೆಗೆ ತಾಲೀಮು ಆಡುವ ತಂಡಗಳಿವೆ. ಅವರಲ್ಲಿ ಕೋಲಿನ ಹಿಡಿತ ಚೆನ್ನಾಗಿ ಬಲ್ಲ ಹಿರಿಯರಿದ್ದಾರೆ. ಅವರ ಅಭ್ಯಾಸದ ಜಾಗಕ್ಕೆ ಹೋಗಿ ನೋಡುವುದು ಒಳ್ಳೆಯದು.

ನಿಮ್ಮ ಗುರುಕ್ಕಳಿಗೆ ಈ ಆಟದ ವಿಷಯ ಹೇಳಿದ್ದೀರಾ? ಪತ್ರದಲ್ಲಿ ಇಲ್ಲ. ಹೇಳಿಲ್ಲ ಅಂತ ನನ್ನ ಊಹೆ. ಬೈಯುತ್ತಾರೆ ಅನ್ನುವ ಭಯ ಇರಬಹುದು. ಆದರೆ ಅವರು ಒಪ್ಪದಿದ್ದರೆ ಅದಕ್ಕೆ ಒಂದು ಕಾರಣ ಇದೆ, ಅದನ್ನು ನೀವು ತಿಳಿಯಲೇಬೇಕು.

ಕಳರಿಯಲ್ಲಿ ಕತ್ತಿ–ಗುರಾಣಿ ಆಡುವುದನ್ನು ನೋಡಿದವರು ‘ಇದೇ ನಿಜವಾದ ಹೋರಾಟ’ ಅಂದುಕೊಳ್ಳುತ್ತಾರೆ. ಕಿಡಿ ಹಾರುತ್ತದೆ, ಮುಖಕ್ಕೆ ಏನೂ ಹಾಕಿರುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಹಾಗಾದರೆ ನಾವೂ ಯಾಕೆ ಬಿಡುಬೀಸಾಗಿ ಆಡಬಾರದು? ಇಲ್ಲಿಯೇ ತಪ್ಪುವುದು. ಅಲ್ಲಿ ಮುಂದಿನ ಏಟು ಯಾವುದು ಅಂತ ಇಬ್ಬರಿಗೂ ಗೊತ್ತು. ಗುರುಕ್ಕಳ್ ವಾಯ್ತಾರಿ (ಬಾಯಿಮಾತಿನ ಆಜ್ಞೆ) ಹೇಳುತ್ತಾರೆ, ಅದರಂತೆ ಏಟು, ಅದರಂತೆ ತಡೆ. ಮೂರು ಗೇಣಿನ ಮುಚ್ಚಾಣ್ ಕೋಲಾಗಲಿ, ಆನೆಯ ಸೊಂಡಿಲಿನಂತೆ ಬಾಗಿದ ಮರದ ಆಯುಧ ಒಟ್ಟ ಆಗಲಿ, ವರ್ಷಗಟ್ಟಲೆ ಅದೇ ಕ್ರಮ. ಆ ಕ್ರಮವೇ ಅವರ ಹೆಲ್ಮೆಟ್ಟು. ನೀವು ಬಿಡುಬೀಸಾಗಿ ಆಡಲು ಹೊರಟ ಕ್ಷಣಕ್ಕೆ ಆ ಹೆಲ್ಮೆಟ್ಟನ್ನು ತೆಗೆದಿಟ್ಟಂತೆ. ಅದರ ಬದಲಿಗೆ ಇನ್ನೊಂದು ಬೇಕು. ಅದು ಲೋಹದ ಜಾಲರಿಯದ್ದು.

ಬಿಡು ಆಟಕ್ಕೆ ಕಬ್ಬಿಣ ಬೇಡವೇ ಬೇಡ. ಮೊಂಡು ಮಾಡಿದ್ದೂ ಬೇಡ. ಬಳುಕುವ ಕತ್ತಿ ಉರುಮಿಯ ಹೆಸರನ್ನೂ ಎತ್ತಬೇಡಿ. ಕತ್ತಿ–ಗುರಾಣಿ ಕಳರಿಯಲ್ಲಿ, ಗುರುಕ್ಕಳ ಎದುರು, ಕ್ರಮದಂತೆ ನಡೆಯಲಿ. ಬಿಡು ಆಟ ಬೇರೆ ಜಾಗದಲ್ಲಿ, ಬೇರೆ ಸಾಮಾನಿನಲ್ಲಿ, ಅವರಿಗೆ ತಿಳಿಸಿಯೇ ನಡೆಯಲಿ. ವಡಗರದ ಕಳರಿ ಗುರು ಮೀನಾಕ್ಷಿ ಅಮ್ಮನವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು. ಆ ಪ್ರಾಯದಲ್ಲೂ ಅವರು ಕತ್ತಿ ಹಿಡಿದು ಅಂಕಣಕ್ಕೆ ಇಳಿಯುತ್ತಿದ್ದರು. ಅಷ್ಟು ದೀರ್ಘ ಕಾಲ ಕಣ್ಣು, ಬೆರಳು, ಮಂಡಿ ಉಳಿಯುವುದು ಇಂಥ ಕ್ರಮದಿಂದಲೇ. ನಿಮ್ಮ ಗುರುಕ್ಕಳ್ ಒಪ್ಪದಿದ್ದರೆ ಅವರ ಮೇಲೆ ಬೇಸರ ಬೇಡ.

ಈಗ ನಿಮ್ಮ ಸಾಮಾನು. ಪಿವಿಸಿ ಪೈಪು ಬಿಸಿಲಿಗೆ ಗಡಸಾಗುತ್ತದೆ. ಒಂದು ದಿನ ಹೊಡೆತಕ್ಕೆ ಸೀಳಿ, ಫೋಮಿನ ಒಳಗೇ ಚೂರಿಯಂತೆ ನಿಂತಿರುತ್ತದೆ, ಹೊರಗೆ ಕಾಣುವುದೇ ಇಲ್ಲ. ಬಿದಿರೂ ಹಾಗೆಯೇ ಉದ್ದಕ್ಕೆ ಸೀಳುತ್ತದೆ. ಬೆತ್ತ ಹಾಗಲ್ಲ, ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ, ಮುರಿಯುವ ಮೊದಲು ನಿಮಗೆ ಸೂಚನೆ ಕೊಡುತ್ತದೆ. ಬೆತ್ತದ ಮೇಲೆ ದಪ್ಪ ಫೋಮ್, ಅದರ ಮೇಲೆ ಬಟ್ಟೆ ಟೇಪು. ಪ್ರತಿ ಸುತ್ತಿನ ಮೊದಲು ಅಂಗೈಯಲ್ಲಿ ಒತ್ತುತ್ತಾ ಬುಡದಿಂದ ತುದಿಯವರೆಗೆ ಒಮ್ಮೆ ಸವರಿ ನೋಡಿ. ಎಲ್ಲಾದರೂ ‘ಚರ್’ ಅಂದರೆ ಅದನ್ನು ಬದಿಗಿಡಿ.

ಕ್ರಿಕೆಟ್ ಹೆಲ್ಮೆಟ್ ನಿಮಗೆ ಧೈರ್ಯ ಕೊಟ್ಟಿದೆ, ಅದೇ ನನ್ನ ಚಿಂತೆ. ಅದರ ಗ್ರಿಲ್ಲಿನ ಸಂದು ಚೆಂಡನ್ನು ತಡೆಯಲು ಮಾಡಿದ್ದು. ಚೆಂಡು ಏಳು ಸೆಂಟಿಮೀಟರ್ ಅಗಲ, ನಿಮ್ಮ ಕೋಲಿನ ತುದಿ ಎರಡೂವರೆ. ನೇರ ತಿವಿದರೆ ಸಂದಿನೊಳಗೆ ಹೋಗುತ್ತದೆ. ಬೈಕಿನ ಹೆಲ್ಮೆಟ್ಟಿನಲ್ಲಿ ಬದಿಯ ಏಟು ಕಾಣುವುದಿಲ್ಲ, ವೈಸರ್ ಒಡೆಯುತ್ತದೆ. ಬೇಕಾದ್ದು ಫೆನ್ಸಿಂಗ್ ಮಾಸ್ಕ್. ಅಂತಾರಾಷ್ಟ್ರೀಯ ನಿಯಮದ ಮಾಸ್ಕಿನಲ್ಲಿ ಜಾಲರಿಯ ಸಂದು 2.1 ಮಿಲಿಮೀಟರಿಗಿಂತ ಜಾಸ್ತಿ ಇರುವಂತಿಲ್ಲ. ಆ ನಿಯಮಗಳು ಬಿಗಿಯಾದದ್ದರ ಹಿಂದೆ ಒಂದು ಸಾವಿದೆ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯ ಫಾಯಿಲ್ (ಫೆನ್ಸಿಂಗ್‌ನ ತೆಳು ಕತ್ತಿ) ಮುರಿದು, ಅದರ ಮೊನೆ ಮಾಸ್ಕ್ ದಾಟಿ ವ್ಲಾದಿಮಿರ್ ಸ್ಮಿರ್ನೋವ್ ತೀರಿಹೋದರು. ಎರಡು ವರ್ಷದ ಹಿಂದಷ್ಟೇ ಒಲಿಂಪಿಕ್ ಚಿನ್ನ ಗೆದ್ದವರು. ಆಮೇಲೆ ಮಾಸ್ಕು, ಅಂಗಿ, ಅಲಗಿನ ಉಕ್ಕು ಎಲ್ಲದರ ನಿಯಮ ಬದಲಾಯಿತು. ಆದರೆ ಈ ಮಾಸ್ಕಿಗೂ ಒಂದು ಕೊರತೆ ಇದೆ, ತಲೆಯ ಹಿಂಭಾಗ ತೆರೆದೇ ಇರುತ್ತದೆ. ಫೆನ್ಸಿಂಗ್‌ನಲ್ಲಿ ಅಲ್ಲಿಗೆ ಏಟು ಬರುವುದು ಕಡಿಮೆ, ಕೋಲಿನಲ್ಲಿ ಬರುತ್ತದೆ. ಹಿಂಬದಿಗೆ ದಪ್ಪ ಪ್ಯಾಡ್ ಹೊಲಿಸಿಕೊಳ್ಳಿ. ಗಂಟಲಿನ ಬಿಬ್ ತೆಗೆಯಬೇಡಿ. ಬೆರಳಿಗೆ ಮೊದಮೊದಲು ಬ್ಯಾಟಿಂಗ್ ಗ್ಲೌಸ್ ನಡೆಯುತ್ತದೆ, ಹೆಬ್ಬೆರಳ ತುದಿಗೆ ಇನ್ನೊಂದು ಪದರ ಹಾಕಿ. ಗೆಳತಿಗೆ ಎದೆಯ ಗಾರ್ಡ್, ನಿಮಗೆ ಅಬ್ಡೊಮನ್ ಗಾರ್ಡ್. ನಾಲ್ಕೂ ಜನಕ್ಕೆ ಒಟ್ಟಿಗೆ ಕೊಳ್ಳಬೇಕಾಗಿಲ್ಲ. ಎರಡು ಮಾಸ್ಕ್ ಇದ್ದರೆ ಸಾಕು, ಆಡುವುದು ಇಬ್ಬರೇ ಅಲ್ವಾ.

ನೀವು ನಾಲ್ಕು ಜನ ಇರುವುದು ನಿಜಕ್ಕೂ ಅನುಕೂಲ. ಇಬ್ಬರು ಆಡಲಿ, ಒಬ್ಬರು ಕೈಯಲ್ಲಿ ಏನೂ ಹಿಡಿಯದೆ ನೋಡುತ್ತಾ ನಿಲ್ಲಲಿ, ಒಬ್ಬರು ಸುಧಾರಿಸಿಕೊಳ್ಳಲಿ. ನೋಡುವವರು ‘ನಿಲ್ಲಿ’ ಅಂದರೆ ಇಬ್ಬರೂ ಕೋಲು ಇಳಿಸಬೇಕು, ಯಾಕೆ ಅಂತ ಆಮೇಲೆ ಕೇಳಿ. ಮೊದಲ ಎರಡು ತಿಂಗಳು ಅರ್ಧ ವೇಗ. ವೇಗ ಎರಡರಷ್ಟಾದರೆ ಏಟಿನ ಶಕ್ತಿ ನಾಲ್ಕರಷ್ಟಾಗುತ್ತದೆ, ಫೋಮ್ ಮಾತ್ರ ಅಷ್ಟೇ ದಪ್ಪ ಇರುತ್ತದೆ. ತಿವಿಯುವುದನ್ನು ಆರಂಭದಲ್ಲಿ ಪೂರ್ತಿ ಬಿಡಿ. ಪದ್ಧತಿ ಬೇರೆ ಬೇರೆ ಆದ್ದರಿಂದ ಯಾವ ಏಟಿಗೆ ಅಂಕ ಅಂತ ಮೊದಲೇ ಒಪ್ಪಿಕೊಳ್ಳಿ. ಸಿಲಂಬಂನಲ್ಲಿ ಕೋಲಿನ ತುದಿ ಮೈಗೆ ತಾಗಿದ್ದಕ್ಕೇ ಲೆಕ್ಕ, ಜೋರಾಗಿ ಬಡಿಯಬೇಕಾಗಿಲ್ಲ. ನಿಮ್ಮ ನಾಲ್ವರಿಗೂ ಅದೇ ಸರಿಯಾದ ಲೆಕ್ಕ ಅನ್ನಿಸುತ್ತದೆ. ತುದಿಗೆ ಸ್ವಲ್ಪ ವಿಭೂತಿ ಹಚ್ಚಿ, ಕಪ್ಪು ಅಂಗಿ ಹಾಕಿ ಆಡಿ. ಜಗಳವೇ ಇರುವುದಿಲ್ಲ.

ತಲೆಗೆ ಏಟು ಬಿದ್ದು ಕ್ಷಣ ಮಂಕಾದರೂ ಆ ದಿನದ ಆಟ ಮುಗಿಯಿತು ಅಂತ ತಿಳಿಯಿರಿ. ‘ಏನಿಲ್ಲ, ಸರಿಯಾಯ್ತು’ ಅಂದರೂ ಬಿಡಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ, ರಾತ್ರಿಯವರೆಗೆ ಕಾಯಬೇಡಿ. ನಮ್ಮ ಕಡೆಯಿಂದ ತಲೆಯ ಸ್ಕ್ಯಾನಿಗೆ ಮಂಗಳೂರಿಗೆ ಹೋಗಬೇಕಾಗಿ ಬರುವುದೇ ಜಾಸ್ತಿ, ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್. ಆದ್ದರಿಂದ ಆಡುವ ಜಾಗದ ಪಕ್ಕ ಒಂದು ಕಾರು ನಿಂತಿರಲಿ. ತಿರುಗಿ ಕೋಲು ಹಿಡಿಯುವುದು ಡಾಕ್ಟರ್ ಹೇಳಿದ ಮೇಲೆ.

ಈ ಭಾನುವಾರ ಆಟ ಬೇಡ. ಅಳತೆ ಟೇಪು ಹಿಡಿದು ನಾಲ್ವರೂ ಹೋಗಿ. ಹತ್ತಿರದ ಎರಡು ಕಬಡ್ಡಿ ಅಂಕಣ, ಒಂದು ಶಟ್ಲ್ ಕೋರ್ಟ್ ನೋಡಿ ಬನ್ನಿ. ಕೋಲು ಹಿಡಿದು ಒಂದು ಹೆಜ್ಜೆ ಮುಂದಿಟ್ಟು ತುದಿ ಎಲ್ಲಿಗೆ ಮುಟ್ಟುತ್ತದೆ ಅಂತ ಗುರುತು ಹಾಕಿ, ಅದರ ಆಚೆ ಇನ್ನೂ ಆರಡಿ ಖಾಲಿ ಇದೆಯಾ ನೋಡಿ. ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಫೋನಿಗೆ ರೇಂಜ್ ಇದೆಯಾ ಅಂತಲೂ ನೋಡಿ. ಒಳ್ಳೆಯದು ಅನ್ನಿಸಿದ ಜಾಗಕ್ಕೆ ಅಜ್ಜಿಯನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಅಡಿಕೆ ಅಂಗಳದಿಂದ ಓಡಿಸಿದವರು ಅವರೇ ಆದ್ದರಿಂದ, ಎಲ್ಲಿ ಆಡುತ್ತೀರಿ ಅಂತ ಅವರಿಗೆ ಗೊತ್ತಿರಲಿ.